ಚಿಕಿತ್ಸೆಯ ದಿನಗಳಿಗೆ ಒಂದು ಜೀವದ ಜೊತೆ: ಸಾಕುಪ್ರಾಣಿಯನ್ನು ತರುವ ಮುನ್ನ ಮತ್ತು ತಂದ ಮೇಲೆ

ನಮ್ಮ ಅಕ್ಕನ ಸ್ತನ ಕ್ಯಾನ್ಸರಿಗೆ ಬೆಳಗಾವಿಯಲ್ಲಿ ಕೀಮೋಥೆರಪಿ ನಡೆಯುತ್ತಿದ್ದ ತಿಂಗಳುಗಳಲ್ಲಿ, ನಾವು ಕೆಲಸಕ್ಕೂ ಮಕ್ಕಳು ಶಾಲೆಗೂ ಹೋದ ಮೇಲೆ, ಬಾಗಲಕೋಟೆಯ ನವನಗರದ ಮನೆಯಲ್ಲಿ ಆಕೆ ಸಂಜೆಯವರೆಗೆ ಒಬ್ಬಳೇ ಇರಬೇಕಾಗುತ್ತಿತ್ತು. ಸೋಂಕಿನ ಭಯದಿಂದ ಬಂಧುಗಳಿಗೆ ಬರಬೇಡಿರೆಂದು ನಾವೇ ಹೇಳಿದ್ದೆವು. ಹೇಳದೆ ಬಂದವರೂ ರೋಗದ ಮಾತು ಬಿಟ್ಟು ಬೇರೇನನ್ನೂ ಆಡುತ್ತಿರಲಿಲ್ಲ. ಒಂದು ದಿನ ಅಕ್ಕ, "ನನ್ನ ತಲಿ ನೋಡಿ ಮಾರಿ ಸಣ್ಣದು ಮಾಡದ ಒಂದು ಜೀವ ಈ ಮನ್ಯಾಗ ಇರಬೇಕು ನೋಡು" ಎಂದಳು. ಆ ಮಾತಿನ ಬೆನ್ನು ಹತ್ತಿ ಹೊರಟ ನಾವು ಮೊದಲು ಒಂದು ದೊಡ್ಡ ತಪ್ಪು ಮಾಡಿದೆವು, ಆಮೇಲೆ ಒಂದು ಸರಿಯಾದ ಕೆಲಸ ಮಾಡಿದೆವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಇಂಥದೇ ಚಿಕಿತ್ಸೆಯಲ್ಲಿರುವ ಮನೆಯವರಿಗೆ ನಮ್ಮ ತಪ್ಪು ಮರುಕಳಿಸಬಾರದೆಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಎರಡನೆಯ ಕೀಮೋ ಆದ ವಾರವೇ ನೆಂಟರೊಬ್ಬರು ಪ್ರೀತಿಯಿಂದ ತಂದುಕೊಟ್ಟ ಒಂದೂವರೆ ತಿಂಗಳ ನಾಯಿಮರಿಯನ್ನು ನಾವು ಹಿಂದೆಮುಂದೆ ನೋಡದೆ ಮನೆಯೊಳಗೆ ಬಿಟ್ಟುಕೊಂಡೆವು. ಮರಿ ರಾತ್ರಿಯೆಲ್ಲ ಕುಂಯ್‌ಗುಟ್ಟುತ್ತಿತ್ತು, ಎಲ್ಲೆಂದರಲ್ಲಿ ಉಚ್ಚೆ ಮಾಡುತ್ತಿತ್ತು, ಹಲ್ಲು ಬರುವ ಕಾಲವಾದ್ದರಿಂದ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿತ್ತು. ಹತ್ತನೆಯ ದಿನ ಅಕ್ಕನ ಮುಂಗೈ ಮೇಲೆ ಪರಚಿದ ಗೆರೆ ಕಂಡಿತು. ಅದರ ಮರುದಿನ ಜ್ವರ ಬಂದು ಆಕೆಯನ್ನು ದವಾಖಾನೆಗೆ ಸೇರಿಸಬೇಕಾಯಿತು. ಜ್ವರಕ್ಕೆ ಮರಿಯೇ ಕಾರಣವೆಂದು ಯಾರೂ ಸಾಬೀತು ಮಾಡಲಿಲ್ಲ. ಆದರೆ ಆ ಮೂರು ರಾತ್ರಿ ಆಕೆ ಅನುಭವಿಸಿದ ಆತಂಕ, ಮರಿಯನ್ನು ಮರಳಿ ಕೊಡುವಾಗ ಆಕೆ ಅತ್ತ ಅಳು, ಎರಡಕ್ಕೂ ನಮ್ಮ ಅವಸರವೇ ಕಾರಣವಾಗಿತ್ತು.

ಹೀಗಾಗಿ ಮುಂದೆ ಹೇಳುವುದೆಲ್ಲವೂ ಒಂದೇ ಮಾತಿನ ಮೇಲೆ ನಿಂತಿದೆ: ಪ್ರಾಣಿಯನ್ನು ಆರಿಸುವಾಗ ಚಿಕಿತ್ಸೆಯ ಅತ್ಯಂತ ಕೆಟ್ಟ ದಿನವನ್ನು ಕಣ್ಣ ಮುಂದೆ ಇಟ್ಟುಕೊಳ್ಳಬೇಕು.

ಮೊದಲ ಹೆಜ್ಜೆ: ಚಿಕಿತ್ಸೆ ಕೊಡುವ ವೈದ್ಯರನ್ನು ಕೇಳಿ

"ನಾಯಿ ಸಾಕಬಹುದೇ ಸಾಹೇಬರ?" ಎಂದು ಬಾಗಿಲ ಬಳಿ ನಿಂತು ಕೇಳಿದರೆ ಹೌದು ಅಥವಾ ಬೇಡ ಎಂಬ ಒಂದು ಪದದ ಉತ್ತರ ಸಿಗುತ್ತದೆ, ಅದರಿಂದ ಪ್ರಯೋಜನವಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಈ ಚಿಕಿತ್ಸೆಯಲ್ಲಿ ರೋಗನಿರೋಧಕ ಶಕ್ತಿ ಎಷ್ಟು ಕುಗ್ಗುತ್ತದೆ, ಯಾವ ದಿನಗಳಲ್ಲಿ ಕುಗ್ಗುತ್ತದೆ, ಎಷ್ಟು ದಿನಕ್ಕೆ ಚೇತರಿಸುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿಯುವುದುಂಟೇ, ಔಷಧ ಏರಿಸಲು ತೋಳಿನ ರಕ್ತನಾಳದಲ್ಲಿ ಪಿಕ್ ಲೈನ್ ಎಂಬ ಕೊಳವೆ ಅಥವಾ ಚರ್ಮದಡಿ ಕೀಮೋ ಪೋರ್ಟ್ ಎಂಬ ಸಾಧನ ಇಡುತ್ತಾರೆಯೇ ಎಂಬುದನ್ನು ಕೇಳಿ ತಿಳಿಯಬೇಕು.

ಸಾಮಾನ್ಯವಾಗಿ 21 ದಿನಕ್ಕೊಮ್ಮೆ ಕೊಡುವ ಹಲವು ಕೀಮೋ ಔಷಧಗಳಲ್ಲಿ, ಔಷಧ ಹೋದ 7ರಿಂದ 14ನೆಯ ದಿನದ ನಡುವೆ ಬಿಳಿ ರಕ್ತಕಣಗಳು ತಳ ಮುಟ್ಟುತ್ತವೆ. ಅವುಗಳಲ್ಲಿ ಸೋಂಕಿನೊಡನೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಕಣಗಳು ಪ್ರತಿ ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗಿಳಿದರೆ, ಆರೋಗ್ಯವಂತರಿಗೆ ಏನೂ ಮಾಡದ ಸೂಕ್ಷ್ಮಜೀವಿಯೂ ರೋಗಿಗೆ ಪ್ರಾಣಾಪಾಯ ತರಬಲ್ಲದು. ನಮ್ಮ ಮನೆಯಲ್ಲಿ ಮರಿ ಪರಚಿದ್ದು ಸರಿಯಾಗಿ ಆ ದಿನಗಳಲ್ಲೇ ಎಂಬುದು ನಮಗೆ ಹೊಳೆದದ್ದು ಆಮೇಲೆ.

ಎಲ್ಲ ಚಿಕಿತ್ಸೆಯೂ ಒಂದೇ ಬಗೆಯದಲ್ಲ. ಅಸ್ಥಿಮಜ್ಜೆ ಕಸಿ ಮಾಡಿಸಿಕೊಳ್ಳುವವರು, ಮೂತ್ರಪಿಂಡದ ಕಸಿಯಾಗಿ ಮೊದಲ ಆರು ತಿಂಗಳಲ್ಲಿ ಇರುವವರು ಹೊಸ ಪ್ರಾಣಿಯನ್ನು ತರಲೇಬಾರದು. ಹೊರಗಿನಿಂದ ಕಿರಣ ಕೊಡುವ ರೇಡಿಯೋಥೆರಪಿಯಿಂದ ದೇಹ ವಿಕಿರಣ ಸೂಸುವುದಿಲ್ಲವಾದ್ದರಿಂದ ಪ್ರಾಣಿಯನ್ನು ಮುಟ್ಟಲು ಅಡ್ಡಿಯಿಲ್ಲ, ಕಿರಣ ಬಿದ್ದ ಚರ್ಮಕ್ಕೆ ಉಗುರು ತಾಗದಂತೆ ನೋಡಿಕೊಂಡರಾಯಿತು. ಆದರೆ ಥೈರಾಯಿಡ್ ಕ್ಯಾನ್ಸರಿಗೆ ವಿಕಿರಣಶೀಲ ಅಯೋಡಿನ್ ಕುಡಿದವರು, ಮಕ್ಕಳಿಂದ ದೂರವಿರುವಂತೆಯೇ, ದವಾಖಾನೆಯವರು ಹೇಳಿದಷ್ಟು ದಿನ ಪ್ರಾಣಿಯಿಂದಲೂ ದೂರವಿರಬೇಕು. ತೆರೆದ ಹೃದಯದ ಶಸ್ತ್ರಚಿಕಿತ್ಸೆಯಾದವರ ಎದೆಯೆಲುಬು ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕಾಗುವುದರಿಂದ, ಅಲ್ಲಿಯವರೆಗೆ ನಾಯಿಯ ಚೈನು ಹಿಡಿಯುವುದು, ಅದನ್ನು ಎತ್ತಿಕೊಳ್ಳುವುದು ಕೂಡದು. ಡಯಾಲಿಸಿಸ್‌ಗೆ ಕೈಯಲ್ಲಿ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿಸಿಕೊಂಡವರು ಆ ಕೈಗೆ ಚೈನು ಸುತ್ತಿಕೊಳ್ಳಬಾರದು. ಹೊಟ್ಟೆಯ ಮೂಲಕ ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವವರು ದ್ರವ ಬದಲಿಸುವಾಗ ಬೆಕ್ಕನ್ನು ಹೊರಗೆ ಹಾಕಿ ಕೋಣೆಯ ಬಾಗಿಲು ಮುಚ್ಚಲೇಬೇಕು, ಏಕೆಂದರೆ ಬೆಕ್ಕು ಕೊಳವೆಯನ್ನು ಕಚ್ಚಿ ಹೊಟ್ಟೆಗೆ ಸೋಂಕು ತಗುಲಿದ ಪ್ರಕರಣಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆಸಿಕೊಂಡವರು ಆ ಬದಿಯ ಕೈಗೆ ಪರಚಿದ ಗಾಯವಾಗದಂತೆ ಎಚ್ಚರವಹಿಸಬೇಕು. ಚಿಕ್ಕ ಗಾಯದಿಂದಲೂ ಕೈ ಬಾವು ಬರಬಹುದು. ಗುಲ್ಮವನ್ನು (ಸ್ಪ್ಲೀನ್) ತೆಗೆಸಿಕೊಂಡವರಿಗೆ ನಾಯಿ, ಬೆಕ್ಕುಗಳ ಜೊಲ್ಲಿನಲ್ಲಿರುವ ಒಂದು ಬ್ಯಾಕ್ಟೀರಿಯಾ ತುಂಬ ಅಪಾಯಕಾರಿ.

ಮನೆಯಲ್ಲಿ ಈಗಾಗಲೇ ಇರುವ ಪ್ರಾಣಿಯ ವಿಷಯ ಬೇರೆ. ವರ್ಷಗಳಿಂದ ಜೊತೆಗಿದ್ದ ಆರೋಗ್ಯವಂತ ನಾಯಿಯನ್ನು ರೋಗ ಬಂತೆಂದು ಊರಾಚೆ ಬಿಟ್ಟುಬರುವ ಅಗತ್ಯ ಬಹುಪಾಲು ಮನೆಗಳಲ್ಲಿ ಇಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹಿರಿಯರು ಮೊದಲು ಕೊಡುವ ಸಲಹೆ ಅದೇ ಆಗಿರುತ್ತದೆ.

ಎರಡನೆಯ ಹೆಜ್ಜೆ: ಕೆಟ್ಟ ದಿನದಂದು ಕೆಲಸ ಯಾರದು?

ಒಂದು ಹಾಳೆ ತೆಗೆದುಕೊಂಡು ಪ್ರಾಣಿಯ ದಿನದ ಕೆಲಸಗಳನ್ನು ಬರೆಯಿರಿ: ನಸುಕಿನಲ್ಲಿ ಹೊರಗೆ ಕರೆದೊಯ್ಯುವುದು, ನೀರು ಬದಲಿಸುವುದು, ಎರಡು ಹೊತ್ತಿನ ಊಟ, ಮಲಮೂತ್ರ ತೆಗೆಯುವುದು, ಮೈ ತೊಳೆಯುವುದು, ಪಶುವೈದ್ಯರ ಬಳಿಗೆ ಒಯ್ಯುವುದು. ಒಂದೊಂದರ ಮುಂದೆಯೂ ರೋಗಿಯದಲ್ಲದ ಒಂದು ಹೆಸರು ಬರಬೇಕು. ಹೆಸರು ಬರೆಸಿಕೊಂಡವರು ಹಾಳೆಯನ್ನು ಓದಿ ಒಪ್ಪಿರಬೇಕು. ಯಾವುದೇ ಕೆಲಸದ ಮುಂದೆ "ಯಾರಾದರೂ ಮಾಡಿದರಾಯಿತು" ಎಂದು ಬರೆಯುವಂತಾದರೆ ಅಲ್ಲಿಗೇ ನಿಲ್ಲಿಸಿರಿ.

ಈ ಹಾಳೆಯಲ್ಲಿ ರೋಗಿಗೂ ಒಂದು ಕೆಲಸ ಇರಲಿ, ಆದರೆ ಮಲಗಿದಲ್ಲಿಂದಲೇ ಆಗುವಂಥದು ಇರಲಿ. ನಮ್ಮ ಅಕ್ಕನ ಪಾಲಿಗೆ ಬಂದದ್ದು, ಮಧ್ಯಾಹ್ನ ಮೂರು ಗಂಟೆಗೆ ನಾಯಿಯನ್ನು ಹೆಸರು ಹಿಡಿದು ಕರೆದು ಒಂದು ಬಿಸ್ಕೀಟು ಕೊಡುವುದು. ವಾಂತಿಯಿಂದ ಸೋತ ದಿನಗಳಲ್ಲೂ ಮೂರರ ಹೊತ್ತಿಗೆ ನಾಯಿ ಬಂದು ಮಂಚದ ಪಕ್ಕ ನಿಂತರೆ ಆಕೆ ಕಣ್ಣು ತೆರೆಯುತ್ತಿದ್ದಳು.

ದವಾಖಾನೆಯ ಪ್ರಯಾಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮ ಮೂರು ಜಿಲ್ಲೆಗಳ ರೋಗಿಗಳು ದೊಡ್ಡ ಚಿಕಿತ್ಸೆಗೆ ಬೆಳಗಾವಿ, ಹುಬ್ಬಳ್ಳಿ, ಮೀರಜ, ಸೊಲ್ಲಾಪುರಗಳಿಗೆ ಹೋಗುವುದು ವಾಡಿಕೆ. ಬಾಗಲಕೋಟೆಯಿಂದ ಬೆಳಗಾವಿಗೆ ಹೋಗಿ, ರಕ್ತಪರೀಕ್ಷೆ ಮಾಡಿಸಿ, ಔಷಧ ಏರಿಸಿಕೊಂಡು ಮರಳುವುದಕ್ಕೆ ಒಂದು ಪೂರ್ತಿ ದಿನ ಸಾಲದು. ಎಷ್ಟೋ ಸಲ ರಾತ್ರಿ ಅಲ್ಲೇ ಉಳಿಯಬೇಕಾಗುತ್ತದೆ. ಅಂದು ಮನೆಗೆ ಬೀಗ ಬೀಳುತ್ತದೆಂದಾದರೆ ಪ್ರಾಣಿಯ ಊಟವೇನು ಎಂಬುದಕ್ಕೆ ಮೊದಲೇ ಉತ್ತರವಿರಬೇಕು.

ಮೂರನೆಯ ಹೆಜ್ಜೆ: ಯಾವ ಪ್ರಾಣಿ?

ನನ್ನ ಅನುಭವದಲ್ಲಿ ಮತ್ತು ತಿಳಿವಳಿಕೆಯಲ್ಲಿ, ಚಿಕಿತ್ಸೆಯಲ್ಲಿರುವವರಿಗೆ ಹೆಚ್ಚು ಹೊಂದುವುದು ಮೂರರಿಂದ ಆರು ವರ್ಷದ, ಶಾಂತ ಸ್ವಭಾವದ, ಮನೆಯ ಶಿಸ್ತು ಕಲಿತ ನಾಯಿ. ಆರು ತಿಂಗಳೊಳಗಿನ ನಾಯಿಮರಿ, ಬೆಕ್ಕಿನ ಮರಿಗಳು ಬೇಡ. ಅವು ಕಚ್ಚುತ್ತವೆ, ಪರಚುತ್ತವೆ. ಅದಕ್ಕಿಂತ ಮುಖ್ಯವಾಗಿ ಕ್ಯಾಂಪಿಲೊಬ್ಯಾಕ್ಟರ್‌ನಂಥ ಭೇದಿಯ ಸೋಂಕುಗಳನ್ನೂ ಜಂತುಹುಳುಗಳನ್ನೂ ದೊಡ್ಡ ಪ್ರಾಣಿಗಳಿಗಿಂತ ಹೆಚ್ಚಾಗಿ ಹೊತ್ತಿರುತ್ತವೆ. ಹತ್ತು ವರ್ಷ ದಾಟಿದ ಮುದಿ ನಾಯಿಯನ್ನು ಹೊಸದಾಗಿ ತರುವುದನ್ನೂ ನಾನು ಒಪ್ಪುವುದಿಲ್ಲ, ಚಿಕಿತ್ಸೆಯ ನಡುವೆ ಅದು ತೀರಿಕೊಂಡರೆ ಆ ದುಃಖವನ್ನು ರೋಗಿ ಹೊರಬೇಕಾಗುತ್ತದೆ.

ನಮ್ಮ ಸೀಮೆಯಲ್ಲಿ ನಾಯಿಯ ಮಾತು ಬಂದಲ್ಲಿ ಮುಧೋಳ ನಾಯಿಯ ಮಾತು ಬಂದೇ ಬರುತ್ತದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಭಾರತೀಯ ಸೇನೆಯೂ ತರಬೇತಿಗೆ ತೆಗೆದುಕೊಂಡ ಈ ತಳಿಯ ಬಗ್ಗೆ ನನಗೂ ಅಭಿಮಾನವಿದೆ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಒಂದು ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಗಿಡ್ಡ ಕೂದಲು, ನಮ್ಮ ಬಿಸಿಲಿಗೆ ಒಗ್ಗಿದ ಮೈ, ಮನೆಯವರ ಮೇಲೆ ಆಳವಾದ ಹಚ್ಚಿಕೆ, ಇವೆಲ್ಲ ಅದರ ಗುಣಗಳು. ಆದರೆ ಅದು ಹೊಲದಲ್ಲಿ ಮೊಲವನ್ನು ಅಟ್ಟಿಸಿಕೊಂಡು ಹೋಗಲೆಂದು ಬೆಳೆದುಬಂದ ತಳಿ. ದಿನವೂ ಮನಸಾರೆ ಓಡಲು ಬಯಲು ಬೇಕು, ಓಡುವ ಜೀವ ಕಂಡರೆ ಚೈನು ಹಿಡಿದವರನ್ನು ಎಳೆದುಕೊಂಡೇ ಹೋಗುತ್ತದೆ. ಸ್ಟೀರಾಯ್ಡ್ ಔಷಧಗಳಿಂದ ಎಲುಬು ಸಡಿಲವಾದವರು, ಎಲುಬಿಗೆ ಕ್ಯಾನ್ಸರ್ ಹರಡಿದವರು ಹಾಗೆ ಒಮ್ಮೆ ಬಿದ್ದರೂ ಎಲುಬು ಮುರಿಯಬಹುದು. ಮನೆಯಲ್ಲಿ ಮೊದಲಿನಿಂದ ಇರುವ ಮುಧೋಳ ನಾಯಿ ಇರಲಿ, ಅದನ್ನು ಓಡಿಸುವ ಹೊಣೆ ಮನೆಯ ಹುಡುಗರದಾಗಲಿ. ಚಿಕಿತ್ಸೆಯ ವರ್ಷದಲ್ಲಿ ಹೊಸದಾಗಿ ತರುವುದು ಬೇಡ. ಬಾಗಲಕೋಟೆ, ವಿಜಯಪುರಗಳ ಬೇಸಿಗೆ 40 ಡಿಗ್ರಿ ದಾಟುವುದರಿಂದ ಹಸ್ಕಿ, ಪಗ್‌ನಂಥ ನಾಯಿಗಳನ್ನು ಇಲ್ಲಿ ತರುವುದು ಆ ಪ್ರಾಣಿಗೂ ಹಿಂಸೆ, ಅದರ ಏದುಸಿರನ್ನು ನೋಡುತ್ತ ಮಲಗಿರುವವರಿಗೂ ಹಿಂಸೆ. ನಮ್ಮ ಓಣಿಗಳ ದೇಸಿ ನಾಯಿಗಿಂತ ಈ ಹವೆಗೆ ಹೊಂದುವ ಪ್ರಾಣಿ ಇನ್ನೊಂದಿಲ್ಲ.

ಓಡಾಡಿಸುವ ಜನರಿಲ್ಲದ ಮನೆಗೆ ದೊಡ್ಡ ಬೆಕ್ಕು ಒಳ್ಳೆಯದು. ಅದನ್ನು ಮನೆಯೊಳಗೇ ಇಟ್ಟುಕೊಳ್ಳಬೇಕು; ಹೊರಗೆ ಇಲಿ ಹಿಡಿದು ತಿಂದು ಬರುವ ಬೆಕ್ಕಿನಿಂದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಮನೆಗೆ ಬರಬಹುದು. ಬೆಕ್ಕಿನ ಮಲದೊಡನೆ ಹೊರಬಿದ್ದ ಈ ಪರಾವಲಂಬಿಯ ತತ್ತಿಗಳು ಸೋಂಕು ತಗುಲಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ಮರಳಿನ ಟ್ರೇಯನ್ನು ಪ್ರತಿದಿನವೂ, ರೋಗಿಯಲ್ಲದ ಒಬ್ಬರು, ಕೈಗವಸು ಹಾಕಿಕೊಂಡು ತೆರವುಗೊಳಿಸಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಉಗುರಿನ ತುದಿಯನ್ನು ಕಾಲಕಾಲಕ್ಕೆ ಕತ್ತರಿಸುತ್ತಿರಬೇಕು.

ಹಕ್ಕಿಗಳ ವಿಷಯದಲ್ಲಿ ನನ್ನ ಸಲಹೆ ಬೇಡವೆಂದೇ. ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದೃಷ್ಟ ತರುತ್ತದೆಂದು ಕೆಲವರು ಇಟ್ಟುಕೊಳ್ಳುವ ನಕ್ಷತ್ರ ಆಮೆಗೂ ಇದೇ ಮಾತು, ಜೊತೆಗೆ ಆಮೆಗಳು ಸಾಲ್ಮೊನೆಲ್ಲಾ ಸೋಂಕಿನ ಮೂಲ. ಮಾಳಿಗೆಯ ಮೇಲೆ ಪಾರಿವಾಳ ಸಾಕಿದ್ದರೆ ಅದರ ಹಿಕ್ಕೆಯ ಧೂಳಿನಿಂದ ಶ್ವಾಸಕೋಶ ಮತ್ತು ಮಿದುಳಿಗೆ ಶಿಲೀಂಧ್ರದ ಸೋಂಕು ತಗುಲಬಹುದಾದ್ದರಿಂದ ರೋಗಿ ಅತ್ತ ಸುಳಿಯಬಾರದು. ಜಾತ್ರೆಯಲ್ಲಿ ಬಣ್ಣ ಹಚ್ಚಿ ಮಾರುವ ಕೋಳಿಮರಿಗಳನ್ನು ಮಕ್ಕಳು ತಂದರೆ ಅವನ್ನೂ ಬೇರೆ ಕಡೆಗೆ ಕಳುಹಿಸಿರಿ.

ಮೀನಿನ ತೊಟ್ಟಿ ಎಲ್ಲಕ್ಕಿಂತ ಕಡಿಮೆ ಅಪಾಯದ್ದು, ತೊಟ್ಟಿಯ ನೀರಿಗೆ ರೋಗಿ ಕೈ ಹಾಕದಿದ್ದರೆ ಸಾಕು.

ಹಳ್ಳಿಯ ಮನೆಗಳಲ್ಲಿ ಆಕಳು, ಎಮ್ಮೆಗಳೇ ಜೊತೆ. ಗೋದಲಿಯ ಮುಂದೆ ಕುಳಿತು ಆಕಳ ಗಂಗೆದೊಗಲು ತುರಿಸುವುದರಲ್ಲಿರುವ ಸಮಾಧಾನವನ್ನು ನಾನು ಬಲ್ಲೆ, ಕೈ ತೊಳೆದುಕೊಂಡರೆ ಅದಕ್ಕೆ ಅಡ್ಡಿಯೂ ಇಲ್ಲ. ಆದರೆ ಸಗಣಿ ಬಾಚುವುದು, ಕರು ಹಾಕಿಸುವಾಗ ನೆರವಾಗುವುದು, ಭೇದಿಯಾದ ಕರುವನ್ನು ಮುಟ್ಟುವುದು, ಹಸಿ ಹಾಲು ಕುಡಿಯುವುದು, ಈ ನಾಲ್ಕನ್ನು ಚಿಕಿತ್ಸೆ ಮುಗಿಯುವವರೆಗೆ ಬಿಡಬೇಕು.

ನಾಲ್ಕನೆಯ ಹೆಜ್ಜೆ: ಯಾವಾಗ, ಎಲ್ಲಿಂದ?

ಚಿಕಿತ್ಸೆ ಶುರುವಾಗಲು ಒಂದೆರಡು ತಿಂಗಳ ಸಮಯವಿದ್ದರೆ ಅದು ಎಲ್ಲಕ್ಕಿಂತ ಒಳ್ಳೆಯ ಕಾಲ. ಚಿಕಿತ್ಸೆ ಈಗಾಗಲೇ ನಡೆದಿದ್ದರೆ, ರಕ್ತಕಣಗಳು ಚೇತರಿಸಿಕೊಂಡಿವೆ ಎಂದು ವರದಿ ನೋಡಿ ವೈದ್ಯರು ಹೇಳುವವರೆಗೆ ಕಾಯಬೇಕು. ಕೀಮೋ ಆದ ಎರಡು ವಾರದೊಳಗೆ ಯಾವ ಪ್ರಾಣಿಯನ್ನೂ ಮನೆಯೊಳಗೆ ತರಬಾರದು.

ಪ್ರಾಣಿಯನ್ನು ಹುಡುಕುವಾಗ ಅಂಗಡಿಗಿಂತ ಪರಿಚಯದ ಮನೆ ಲೇಸು. ಬೇರೆ ಊರಿಗೆ ವರ್ಗವಾಗಿ ಹೋಗುವವರು, ಮಕ್ಕಳ ಬಳಿಗೆ ಬೆಂಗಳೂರು, ಪುಣೆಗೆ ಹೋಗಿ ನೆಲೆಸುವ ಹಿರಿಯರು ತಮ್ಮ ನಾಯಿಗೆ ಒಳ್ಳೆಯ ಮನೆ ಸಿಕ್ಕೀತೇ ಎಂದು ಹುಡುಕುತ್ತಲೇ ಇರುತ್ತಾರೆ. ಊರಿನ ಪಶುವೈದ್ಯರಿಗೆ ಇಂಥವರ ಪರಿಚಯವಿರುತ್ತದೆ. ನಮ್ಮ ಎದುರು ಮನೆಯ ನಿವೃತ್ತ ಮಾಸ್ತರರು ಮಗನ ಮನೆಗೆ ಹೊರಟಾಗ ಬಿಟ್ಟುಹೋಗಬೇಕಾಗಿದ್ದ ಐದು ವರ್ಷದ ಹೆಣ್ಣು ನಾಯಿಯೇ ಕೊನೆಗೆ ಅಕ್ಕನ ಜೊತೆಯಾಯಿತು. ಅದರ ಕಚ್ಚುವ, ಬೊಗಳುವ, ಉಣ್ಣುವ ಗುಣವೆಲ್ಲ ನಮಗೆ ಮೊದಲೇ ಗೊತ್ತಿತ್ತು. ಅಂಗಡಿಯಿಂದಲೇ ಕೊಳ್ಳುವವರಿಗೆ ತಿಳಿದಿರಲಿ: 2017ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ನಾಯಿಮರಿಯನ್ನು ಮಾರುವಂತಿಲ್ಲ.

ತಿಂಗಳುಗಟ್ಟಲೆ ಅನ್ನ ಹಾಕಿ ಪರಿಚಯವಾದ ಓಣಿ ನಾಯಿಯನ್ನು ಮನೆಗೆ ಕರೆದುಕೊಳ್ಳಬಹುದು, ಆದರೆ ನೇರವಾಗಿ ಅಲ್ಲ. ಲಸಿಕೆ, ಜಂತುಹುಳುವಿನ ಔಷಧ, ಸಂತಾನಹರಣ ಶಸ್ತ್ರಚಿಕಿತ್ಸೆ ಎಲ್ಲ ಮುಗಿದು ಒಂದು ತಿಂಗಳು ಬೇರೆಯವರ ಮನೆಯಲ್ಲಿ ಅಥವಾ ಹೊಲದ ಮನೆಯಲ್ಲಿ ಇದ್ದು ಬರಲಿ. ರೇಬೀಸ್ ಲಸಿಕೆ ಹಾಕಿದ ಮೇಲೆ ಅದರ ರಕ್ಷಣೆ ಬರಲು ಮೂರು-ನಾಲ್ಕು ವಾರ ಬೇಕಾಗುತ್ತದೆ.

ಮನೆಯ ಹಿರಿಯರು ನಾಯಿ ಒಳಗೆ ಬಂದರೆ ಮೈಲಿಗೆ ಎನ್ನುವುದುಂಟು. ನಮ್ಮ ಅತ್ತೆಯವರೂ ಅಂದರು. ಅಥಣಿ ಸೀಮೆಯ ಮಂಗಸೂಳಿಯ ಖಂಡೋಬನಿಗೆ ನಡೆದುಕೊಳ್ಳುವ ಮನೆತನ ಅವರದು. ದೇವರ ಜೊತೆಗೇ ನಾಯಿ ಇರುತ್ತದಲ್ಲ ಎಂದು ಅಕ್ಕ ಮೆಲ್ಲಗೆ ನೆನಪಿಸಿದ ಮೇಲೆ ಅವರು ಅಡುಗೆಮನೆ, ದೇವರಮನೆಗಳಿಗೆ ಮಾತ್ರ ಅದು ಬರಬಾರದೆಂದು ಹೇಳಿ ಒಪ್ಪಿದರು. ರೋಗಿಯ ಊಟ ತಯಾರಾಗುವ ಜಾಗಕ್ಕೆ ಪ್ರಾಣಿ ಬರದಿರುವುದು ಆರೋಗ್ಯದ ದೃಷ್ಟಿಯಿಂದಲೂ ಬೇಕಾದದ್ದೇ ಆಗಿತ್ತು.

ಐದನೆಯ ಹೆಜ್ಜೆ: ಹೊಸ್ತಿಲು ದಾಟುವ ಮೊದಲು ಪಶುವೈದ್ಯರು

ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಗೆ, ಜನ ದನದ ದವಾಖಾನೆ ಎನ್ನುವಲ್ಲಿಗೆ, ಪ್ರಾಣಿಯನ್ನು ಒಯ್ದು, ಮನೆಯಲ್ಲಿ ಕೀಮೋ ನಡೆದಿರುವವರು ಇದ್ದಾರೆಂದು ಮೊದಲ ಮಾತಿನಲ್ಲೇ ತಿಳಿಸಿರಿ. ಮಲ ಪರೀಕ್ಷೆ, ಚರ್ಮದ ತಪಾಸಣೆ, ರೇಬೀಸ್ ಮತ್ತು ಇಲಿಜ್ವರದ ಲಸಿಕೆ, ಜಂತುಹುಳುವಿನ ಔಷಧ, ಉಣ್ಣಿ ಮತ್ತು ಚಿಗಟಗಳ ನಿವಾರಣೆ ಆಗಬೇಕು. ದೊಡ್ಡ ನಾಯಿಗೆ ಜಂತುಹುಳುವಿನ ಔಷಧವನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ರೇಬೀಸ್ ಲಸಿಕೆಯನ್ನು ವರ್ಷಕ್ಕೊಮ್ಮೆ ಕೊಡಿಸುತ್ತಾರೆ. ಲಸಿಕೆಯ ಕಾರ್ಡನ್ನು ರೋಗಿಯ ಫೈಲಿನ ಜೊತೆಗೇ ಇಡುವುದು ಒಳ್ಳೆಯದು. ಮೂಗಿನಲ್ಲಿ ಹನಿ ಹಾಕುವ ಕೆಮ್ಮಿನ ಲಸಿಕೆಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುವುದರಿಂದ ಅದರ ಬದಲು ಬೇರೆ ಬಗೆಯದನ್ನು ಕೇಳಿರಿ. ಈ ಓಡಾಟಕ್ಕೆಲ್ಲ ರೋಗಿ ಹೋಗಬಾರದು.

ಆರನೆಯ ಹೆಜ್ಜೆ: ಮನೆಯೊಳಗಿನ ದಿನಚರಿ

ಮೊದಲ ವಾರ ಪ್ರಾಣಿ ಪಡಸಾಲೆಯಲ್ಲಿ ಇರಲಿ, ರೋಗಿಯ ಕೋಣೆಗೆ ದಿನಕ್ಕೆ ಎರಡು ಸಲ, ಇನ್ನೊಬ್ಬರ ಜೊತೆಯಲ್ಲಿ ಮಾತ್ರ ಬರಲಿ. ಮಂಚದ ಪಕ್ಕ ನೆಲದ ಮೇಲೆ ಅದಕ್ಕೊಂದು ಗೋಣಿತಟ್ಟನ್ನೋ ಹಳೆಯ ಕೌದಿಯನ್ನೋ ಹಾಸಿ ಅದೇ ಅದರ ಜಾಗವೆಂದು ಕಲಿಸಿರಿ. ಹಾಸಿಗೆಯ ಮೇಲೆ ಹತ್ತಿಸಿಕೊಳ್ಳಬಾರದು. ಮುಖ, ಗಾಯ, ಬಾಯಿ ಹುಣ್ಣಾದ ತುಟಿ ಇವನ್ನು ನೆಕ್ಕಗೊಡಬಾರದು. ಬಾಯೊಳಗಿನ ಪೊರೆ ಕೀಮೋದಿಂದ ಬಿರಿದಿರುವಾಗ ಜೊಲ್ಲಿನ ಬ್ಯಾಕ್ಟೀರಿಯಾಗಳಿಗೆ ಅದು ತೆರೆದ ಬಾಗಿಲು. ಪಿಕ್ ಲೈನ್ ಇದ್ದರೆ ಉದ್ದ ತೋಳಿನ ಅಂಗಿ ಹಾಕಿಕೊಂಡೇ ಪ್ರಾಣಿಯನ್ನು ಹತ್ತಿರ ಕರೆಯಬೇಕು. ಮುಟ್ಟಿದ ಪ್ರತಿಸಲವೂ, ಊಟಕ್ಕೆ ಮತ್ತು ಮಾತ್ರೆಗೆ ಮುನ್ನವಂತೂ ತಪ್ಪದೆ, ಸಾಬೂನಿನಿಂದ ಕೈ ತೊಳೆಯಬೇಕು. ನಮ್ಮಲ್ಲಿ ಮಂಚದ ಪಕ್ಕದ ಕಿಟಕಿಯಲ್ಲೇ ಕೈಗೆ ಹಚ್ಚುವ ಸ್ಯಾನಿಟೈಸರ್ ಇಟ್ಟಿದ್ದೆವು.

ಊಟದ ವಿಷಯದಲ್ಲಿ ನಮ್ಮ ಕಡೆಯ ರೂಢಿಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ಹಾಲಿನಲ್ಲಿ ನೆನೆಸಿದ ರೊಟ್ಟಿ ಎಷ್ಟೋ ದೊಡ್ಡ ನಾಯಿಗಳಿಗೆ ಭೇದಿ ತರುತ್ತದೆ, ಮತ್ತು ಪ್ರಾಣಿಯ ಭೇದಿಯೇ ರೋಗಿಗೆ ಸೋಂಕು ಬರುವ ದೊಡ್ಡ ದಾರಿ. ಬೇಯಿಸಿದ ಅನ್ನ, ರೊಟ್ಟಿ, ಮೊಟ್ಟೆ, ಬೇಯಿಸಿದ ಮಾಂಸ ಕೊಡಿರಿ. ರವಿವಾರ ಮಟನ್ ಅಂಗಡಿಯಿಂದ ತರುವ ಹಸಿ ಕರುಳು, ಯಕೃತ್ತುಗಳನ್ನು ಕೊಡಲೇಬೇಡಿ. ಅವುಗಳ ಮೂಲಕ ನಾಯಿಗೆ ಸೇರುವ ಒಂದು ಲಾಡಿಹುಳು ಮನುಷ್ಯರ ಯಕೃತ್ತಿನಲ್ಲಿ ನೀರ್ಗುಳ್ಳೆ ಕಟ್ಟುತ್ತದೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ವಿಜಯಪುರ ಸೀಮೆಯ ಮನೆಮನೆಯಲ್ಲೂ ಇರುತ್ತವೆ, ರೋಗಿಗೆ ಶಕ್ತಿಗೆಂದು ತಂದಿಟ್ಟಿರುತ್ತಾರೆ ಕೂಡ. ಅವು ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಪಲ್ಯ, ಚಟ್ನಿಗಳೂ ನಾಯಿ, ಬೆಕ್ಕುಗಳ ರಕ್ತಕ್ಕೆ ಹಾನಿಕರ. ಬೆಕ್ಕಿರುವ ಮನೆಯಲ್ಲಿ ನೆಲಕ್ಕೆ ಫಿನೈಲ್ ಬಳಸಬಾರದು, ಅದು ಪಾದಕ್ಕೆ ಹತ್ತಿ, ನೆಕ್ಕಿದಾಗ ಹೊಟ್ಟೆ ಸೇರಿ ವಿಷವಾಗುತ್ತದೆ.

ಏಳನೆಯ ಹೆಜ್ಜೆ: ಔಷಧಗಳಿಂದ ಪ್ರಾಣಿಯನ್ನು ಕಾಪಾಡಿ

ಪ್ರಾಣಿಯಿಂದ ರೋಗಿಗೆ ಏನಾದೀತೆಂದು ಎಲ್ಲರೂ ಕೇಳುತ್ತಾರೆ, ರೋಗಿಯ ಔಷಧದಿಂದ ಪ್ರಾಣಿಗೆ ಏನಾದೀತೆಂದು ಕೇಳುವವರು ಕಡಿಮೆ. ಕೀಮೋ ಔಷಧದ ಅಂಶ ಕನಿಷ್ಠ 48 ಗಂಟೆ ರೋಗಿಯ ಮೂತ್ರ, ಮಲ, ವಾಂತಿಗಳಲ್ಲಿ ಹೊರಬರುತ್ತಿರುತ್ತದೆ. ಆ ಎರಡು ದಿನ ವಾಂತಿಯ ಬೋಗುಣಿಯನ್ನು ಮಂಚದ ಕೆಳಗೆ ಬಿಡಬಾರದು, ಬಚ್ಚಲು ಮತ್ತು ಶೌಚಾಲಯದ ಬಾಗಿಲು ಮುಚ್ಚಿರಬೇಕು, ಕೊಳೆಯಾದ ಬಟ್ಟೆಯನ್ನು ಕೂಡಲೇ ತೆಗೆದು ಬೇರೆಯಾಗಿ ಒಗೆಯಬೇಕು. ಕ್ಯಾಪೆಸಿಟಬೀನ್ ಎಂಬ ಕೀಮೋ ಮಾತ್ರೆ, ಚರ್ಮಕ್ಕೆ ಹಚ್ಚುವ ಫ್ಲೋರೋಯುರಾಸಿಲ್ ಮುಲಾಮು ನಾಯಿಗೆ ಮಾರಕ. ಮುಲಾಮು ಹಚ್ಚಿದ ಚರ್ಮವನ್ನು ನೆಕ್ಕಿದರೂ ಅಪಾಯ. ನೋವಿಗೆ ಹಚ್ಚುವ ಫೆಂಟನಿಲ್ ಪಟ್ಟಿ ಉದುರಿ ಬಿದ್ದದ್ದನ್ನು ನಾಯಿ ಅಗಿದರೆ ಉಸಿರು ನಿಲ್ಲಬಹುದು. ಪ್ರತಿಮನೆಯಲ್ಲಿರುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಮಾತ್ರೆಗಳೆಲ್ಲ ಚಿಲಕವಿರುವ ಗೋಡೆ ಕಪಾಟಿನಲ್ಲಿರಲಿ.

ಎಂಟನೆಯ ಹೆಜ್ಜೆ: ಕಚ್ಚಿದರೆ, ಪರಚಿದರೆ, ಜ್ವರ ಬಂದರೆ

ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ, ಗಡಿಯಾರ ನೋಡಿ, ತೊಳೆಯಬೇಕು. ಖಾರದ ಪುಡಿ, ಸುಣ್ಣ, ಅರಿಶಿನ ಯಾವುದನ್ನೂ ಹಚ್ಚಬಾರದು. ನಂತರ ತಡಮಾಡದೆ ದವಾಖಾನೆಗೆ ಹೋಗಿ, ಚಿಕಿತ್ಸೆಯ ಹೆಸರು ಮತ್ತು ಕೊನೆಯ ಕೀಮೋದ ದಿನಾಂಕವನ್ನು ಹೇಳಬೇಕು. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ರೇಬೀಸ್ ಸಂದೇಹವಿದ್ದಾಗ, ರಕ್ತ ಬರದ ಸಣ್ಣ ಪರಚುಗಾಯಕ್ಕೂ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕಾಗುವುದರಿಂದ ಈ ಮಾಹಿತಿ ಮುಚ್ಚಿಟ್ಟರೆ ಚಿಕಿತ್ಸೆ ಅರ್ಧವಾಗುತ್ತದೆ. ಗಾಯವಿರಲಿ, ಇಲ್ಲದಿರಲಿ, ಕೀಮೋದಲ್ಲಿರುವವರ ಮೈ ಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು ಪರಿಸ್ಥಿತಿ. ಮಾತ್ರೆ ನುಂಗಿ ಬೆಳಗಾಗಲೆಂದು ಕಾಯಬಾರದು. ಮನೆಯಲ್ಲಿ ಪ್ರಾಣಿ ಇದೆಯೆಂದು ವೈದ್ಯರಿಗೆ ಹೇಳಲು ಸಂಕೋಚ ಬೇಡ, ಬೈಯುತ್ತಾರೆಂಬ ಹೆದರಿಕೆಯಿಂದ ನಾವು ಮೊದಲ ದಿನ ಮರಿಯ ಮಾತನ್ನು ಬಾಯಿ ಬಿಡದೆ ಒಂದು ರಾತ್ರಿ ಕಳೆದುಕೊಂಡೆವು.

ಪ್ರಾಣಿಗೆ ಭೇದಿ, ವಾಂತಿ, ಕೆಮ್ಮು, ಚರ್ಮದ ರೋಗ ಬಂದ ದಿನವೇ ಅದನ್ನು ಮೊದಲೇ ಒಪ್ಪಿಕೊಂಡಿರುವ ಬೇರೆಯವರ ಮನೆಗೆ ಕಳುಹಿಸಿ, ಗುಣವಾದ ಮೇಲೆ ಮರಳಿ ತರಬೇಕು.

ಮನೆಗೆ ತರಲು ಆಗದಿದ್ದರೆ

ವೈದ್ಯರು ಖಂಡಿತವಾಗಿ ಬೇಡವೆಂದರೆ ಬೇರೆ ದಾರಿಗಳಿವೆ. ನೆರೆಮನೆಯ ಶಾಂತ ನಾಯಿ ದಿನಕ್ಕೆ ಅರ್ಧ ಗಂಟೆ ಕಟ್ಟೆಯ ಬಳಿಗೆ ಬಂದು ಕೂಡಬಹುದು. ಅಸ್ಥಿಮಜ್ಜೆ ಕಸಿಗೆ ಹೋಗುವವರು ಮನೆಯ ನಾಯಿಯನ್ನು ಫೋನಿನ ವಿಡಿಯೋದಲ್ಲಿ ನೋಡಿ, ಹೆಸರು ಹಿಡಿದು ಕರೆದು, ಅದು ಕಿವಿ ನಿಮಿರಿಸಿದ್ದನ್ನು ಕಂಡರೂ ಹಗುರಾಗುತ್ತಾರೆ. ಬೇಸಿಗೆಯಲ್ಲಿ ಹಿತ್ತಲಿನ ಬೇವಿನ ಮರಕ್ಕೆ ಗುಬ್ಬಿಗಳಿಗಾಗಿ ನೀರಿನ ಪರಟೆ ಕಟ್ಟಿ, ರೋಗಿಯ ಮಂಚವನ್ನು ಅದು ಕಾಣುವಂತೆ ಕಿಟಕಿಯತ್ತ ತಿರುಗಿಸಿರಿ. ಪರಟೆ ತೊಳೆದು ನೀರು ತುಂಬುವ ಕೆಲಸ ಮಕ್ಕಳದಾಗಲಿ.

ಕೊನೆಯ ಹೆಜ್ಜೆ: ಪ್ರಾಣಿಯ ಮುಂದಿನ ಮನೆ

ಈ ಮಾತನ್ನು ಯಾರೂ ಎತ್ತಲು ಬಯಸುವುದಿಲ್ಲ. ನಾಯಿ ಹತ್ತು-ಹನ್ನೆರಡು ವರ್ಷಕ್ಕೂ ಹೆಚ್ಚು ಬದುಕುತ್ತದೆ, ಬೆಕ್ಕು ಇನ್ನೂ ಹೆಚ್ಚು. ಚಿಕಿತ್ಸೆ ಫಲಿಸದಿದ್ದರೆ, ಅಥವಾ ಸಾಕಲಾಗದಷ್ಟು ನಿಶ್ಶಕ್ತಿ ಉಳಿದುಬಿಟ್ಟರೆ, ಪ್ರಾಣಿ ಯಾರ ಮನೆಗೆ ಹೋಗಬೇಕೆಂಬುದನ್ನು ರೋಗಿಯೇ ತನ್ನ ಬಾಯಿಂದ, ಪ್ರಾಣಿ ಬರುವ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾವು ಹೆದರಿ ಸುಮ್ಮನಿದ್ದಾಗ ಅಕ್ಕ ತಾನಾಗಿಯೇ ಜಮಖಂಡಿಯಲ್ಲಿರುವ ನಮ್ಮ ಕಾಕಾನ ಮಗನ ಹೆಸರು ಹೇಳಿದಳು. ಹಾಗೆ ಹೆಸರಿಸಿದವರು ನಾಯಿಗೆ ಪರಕೀಯರಾಗಿ ಉಳಿಯದಂತೆ, ಅವರು ಆಗಾಗ ಬಂದು ಅದಕ್ಕೆ ಊಟ ಹಾಕಿ, ತಿರುಗಾಡಿಸಿ, ಒಂದೆರಡು ರಾತ್ರಿ ತಮ್ಮ ಮನೆಯಲ್ಲಿ ಇಟ್ಟುಕೊಂಡು ನೋಡಬೇಕು. ಆ ಹುಡುಗ ತಿಂಗಳಿಗೆ ಎರಡು ರವಿವಾರ ಬಂದು ನಾಯಿಯನ್ನು ಹೊಲಕ್ಕೆ ಕರೆದೊಯ್ಯುತ್ತಿದ್ದ. ಅಕ್ಕನ ಚಿಕಿತ್ಸೆ ಮುಗಿದು ಎರಡು ವರ್ಷವಾಗಿದೆ. ರವಿವಾರ ಮೋಟರ್ ಸೈಕಲ್ಲಿನ ಸದ್ದು ಕೇಳಿದರೆ ನಾಯಿ ಈಗಲೂ ಗೇಟಿನ ಬಳಿ ಹೋಗಿ ನಿಲ್ಲುತ್ತದೆ, ಸಂಜೆ ಮರಳಿ ಬಂದು ಅಕ್ಕನ ಮಂಚದ ಪಕ್ಕದ ಅದೇ ಕೌದಿಯ ಮೇಲೆ ಮಲಗುತ್ತದೆ.